ಹುದುಗಿನ ಭಯ, ಸಕ್ಕರೆಯ ಲೆಕ್ಕ

ಪುಣೆಯಿಂದ ಮುಂಬಯಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಪಿಂಪ್ರಿ ದಾಟುವಾಗ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್ ಕಾರ್ಖಾನೆ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ 1954ರಲ್ಲಿ ಸ್ಥಾಪನೆಯಾದ ಈ ಸರಕಾರಿ ಕಾರ್ಖಾನೆ ಮರುವರ್ಷವೇ ಪೆನಿಸಿಲಿನ್ ತಯಾರಿಸತೊಡಗಿತು. ಇದು ಅನೇಕರಿಗೆ ಗೊತ್ತು. ಅಷ್ಟಾಗಿ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಅಲ್ಲಿನ ಸಂಶೋಧನಾ ವಿಭಾಗದಲ್ಲಿ ನಮ್ಮ ಮೈಸೂರು ಸೀಮೆಯ ಶಿಲೀಂಧ್ರ ವಿಜ್ಞಾನಿ ಎಂ. ಜೆ. ತಿರುಮಲಾಚಾರ್ ಅವರ ತಂಡ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಸೂಕ್ಷ್ಮಜೀವಿಯಿಂದ 1961ರ ಸುಮಾರಿಗೆ ಹ್ಯಾಮೈಸಿನ್ ಎಂಬ ಔಷಧವನ್ನು ಹೊರತೆಗೆಯಿತು. ಬಾಯಿಯ ಅಗ್ರ, ಚರ್ಮದ ಸಂದುಗಳ ನವೆ, ಹೆಂಗಸರ ಯೋನಿಯ ಸೋಂಕು, ಇವುಗಳಿಗೆ ಹಚ್ಚುವ ಮದ್ದಾಗಿ ಅದು ಬಳಕೆಗೆ ಬಂತು. ಅಂದರೆ ಒಂದೇ ಕಾಂಪೌಂಡಿನೊಳಗೆ ಎರಡು ಬಗೆಯ ಮದ್ದು ಹುಟ್ಟಿದವು. ಒಂದು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು. ಹಾಗೆ ಕೊಂದಾಗ ಅವು ಬಿಟ್ಟ ಜಾಗದಲ್ಲಿ ಯೀಸ್ಟ್ ತಲೆಯೆತ್ತುವುದುಂಟು. ಇನ್ನೊಂದು, ತಲೆಯೆತ್ತಿದ ಆ ಯೀಸ್ಟನ್ನು ಅಡಗಿಸುವುದು. ಯೀಸ್ಟಿನ ಹಾವಳಿಗೂ ನಮ್ಮ ಊಟಕ್ಕೂ ಇರುವ ನಂಟನ್ನು ಕುರಿತು ಇಂದು ಮಾತಾಡುವಾಗ ಪಿಂಪ್ರಿಯ ಈ ಜೋಡಿ ಮದ್ದುಗಳು ನೆನಪಿನಲ್ಲಿದ್ದರೆ ಒಳ್ಳೆಯದು. ಏಕೆಂದರೆ ಯೀಸ್ಟ್ ಬೆಳೆಯುವುದಕ್ಕೆ ಕಾರಣ ತಟ್ಟೆಯಲ್ಲೇ ಇದೆಯೆಂದು ಹುಡುಕಲು ಕುಳಿತವರು ಮೊದಲು ಮರೆಯುವುದು ಮದ್ದಿನ ಡಬ್ಬಿಯನ್ನು.

ನಾವು ಇಲ್ಲಿ ಯೀಸ್ಟ್ ಎನ್ನುತ್ತಿರುವುದು ಹೆಚ್ಚಾಗಿ ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಶಿಲೀಂಧ್ರವನ್ನು. ಇದು ಹೊರಗಿನಿಂದ ನುಗ್ಗಿದ ಶತ್ರುವಲ್ಲ. ಆರೋಗ್ಯವಾಗಿರುವವರಲ್ಲಿ ಅರ್ಧಕ್ಕರ್ಧ ಮಂದಿಯ ಬಾಯಲ್ಲೋ ಕರುಳಲ್ಲೋ ಅದು ಸದ್ದಿಲ್ಲದೆ ಇದ್ದೇ ಇರುತ್ತದೆ. ನಾಲ್ವರು ಹೆಂಗಸರಲ್ಲಿ ಮೂವರಿಗೆ ಬದುಕಿನಲ್ಲಿ ಒಮ್ಮೆಯಾದರೂ ಇದರ ಸೋಂಕು ತಗಲುತ್ತದೆಂಬುದು ವೈದ್ಯರ ಅಂದಾಜು: ತಡೆಯಲಾಗದ ತುರಿಕೆ, ಒಡೆದ ಹಾಲಿನಂಥ ಬಿಳಿ ಸ್ರಾವ, ಉರಿ. ನಾಚಿಕೆಯಿಂದ ಮನೆಯಲ್ಲೂ ಹೇಳದೆ ಮುಚ್ಚಿಡುವ ತೊಂದರೆ ಇದು. ಮುಚ್ಚಿಟ್ಟಷ್ಟೂ ಅರೆಬರೆ ಸಲಹೆಗಳಿಗೆ ದಾರಿಯಾಗುತ್ತದೆ. ಸುಮ್ಮನಿದ್ದ ಈ ಜೀವಿ ಕೆರಳುವ ಸಂದರ್ಭಗಳು ಚೆನ್ನಾಗಿ ಗೊತ್ತಿವೆ. ಆ್ಯಂಟಿಬಯೋಟಿಕ್ ಸೇವನೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಬಸಿರು, ಸ್ಟೀರಾಯ್ಡ್ ಔಷಧ, ಉಬ್ಬಸಕ್ಕೆ ಬಳಸುವ ಇನ್‌ಹೇಲರಿನ ನಂತರ ಬಾಯಿ ಮುಕ್ಕಳಿಸದಿರುವುದು, ರಾತ್ರಿಯೂ ತೆಗೆಯದ ಹಲ್ಲಿನ ಸೆಟ್ಟು, ರೋಗನಿರೋಧ ಶಕ್ತಿ ಕುಂದಿಸುವ ಕಾಯಿಲೆಗಳು. ಪಿಂಪ್ರಿಯ ನೆರೆಯ ಭೋಸರಿಯಲ್ಲಿ 1992ರಲ್ಲಿ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆ ಶುರುವಾದ ಕಾಲದಲ್ಲಿ, ವಯಸ್ಕರ ನಾಲಿಗೆ ಮೇಲಿನ ಬಿಳಿ ಅಗ್ರ ವೈದ್ಯರಿಗೆ ಆ ಕಾಯಿಲೆಯ ದೊಡ್ಡ ಸುಳಿವಾಗಿತ್ತು. ಗಮನಿಸಿ, ಈ ಯಾದಿಯಲ್ಲಿ ಇಡ್ಲಿ ಇಲ್ಲ, ಮೊಸರು ಇಲ್ಲ, ಬಾಳೆಹಣ್ಣೂ ಇಲ್ಲ. ಊಟಕ್ಕೆ ಹತ್ತಿರದ ಹೆಸರೆಂದರೆ ಸಕ್ಕರೆ ಕಾಯಿಲೆ ಒಂದೇ. ನನ್ನ ಮಾತೆಲ್ಲ ಅದರ ಸುತ್ತಲೇ ತಿರುಗುತ್ತದೆ.

ಹಾಗಾದರೆ ಯೀಸ್ಟಿನ ಪಥ್ಯವೆಂದು ಕೈಯಿಂದ ಕೈಗೆ ಸಾಗುವ ಉದ್ದನೆಯ ಪಟ್ಟಿ ಎಲ್ಲಿಂದ ಬಂತು? ಅದರ ಊರು ಅಮೆರಿಕ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ವೈದ್ಯ ಒರಿಯನ್ ಟ್ರಸ್ ಎಂಬವರು ದಣಿವು, ತಲೆನೋವು, ಖಿನ್ನತೆ, ಹೊಟ್ಟೆಯುಬ್ಬರ, ಮುಟ್ಟಿನ ತೊಂದರೆ ಎಲ್ಲಕ್ಕೂ ಮೈಯೊಳಗಿನ ಯೀಸ್ಟೇ ಮೂಲವೆಂದು 1970ರ ದಶಕದ ಕೊನೆಯಿಂದ ಬರೆಯತೊಡಗಿದರು. ವಿಲಿಯಂ ಕ್ರೂಕ್ ಎಂಬ ಇನ್ನೊಬ್ಬ ವೈದ್ಯರು 1983ರಲ್ಲಿ 'ದಿ ಯೀಸ್ಟ್ ಕನೆಕ್ಷನ್' ಎಂಬ ಪುಸ್ತಕ ಹೊರತಂದರು, ಅದು ಮನೆಮಾತಾಯಿತು. ಸಕ್ಕರೆ ಬಿಡಿ, ಹಣ್ಣು ಬಿಡಿ, ಬ್ರೆಡ್ಡು, ಚೀಸು, ವಿನೆಗರು, ಅಣಬೆ, ಹುದುಗು ಬಂದದ್ದು ಯಾವುದೂ ಬೇಡ, ಹೀಗೆ ಪಟ್ಟಿ ಬೆಳೆಯಿತು. ಅಲ್ಲಿನ ಅಲರ್ಜಿ ತಜ್ಞರ ಅಕಾಡೆಮಿ 1986ರಲ್ಲೇ ಈ ವಾದಕ್ಕೆ ಆಧಾರವಿಲ್ಲವೆಂದು ಹೇಳಿಕೆ ಕೊಟ್ಟಿತು. ಹೇಳಿಕೆಗಿಂತ ತೂಕದ್ದು 1990ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಒಂದು ಪ್ರಯೋಗ, ಅದೂ ಟ್ರಸ್ ಅವರ ಬರ್ಮಿಂಗ್‌ಹ್ಯಾಮಿನಲ್ಲೇ ನಡೆದದ್ದು. ಯೀಸ್ಟಿನಿಂದಲೇ ನರಳುತ್ತಿದ್ದೇವೆಂದು ನಂಬಿದ್ದ 42 ಮಂದಿ ಹೆಂಗಸರಿಗೆ ಸರದಿಯಂತೆ ಯೀಸ್ಟ್ ಕೊಲ್ಲುವ ನಿಸ್ಟಾಟಿನ್ ಔಷಧವನ್ನೂ, ಔಷಧದಂತೆಯೇ ಕಾಣುವ ಹುಸಿ ಮದ್ದನ್ನೂ ಕೊಟ್ಟರು. ಯಾವುದು ಯಾವಾಗ ಸಿಕ್ಕಿತೆಂದು ಕೊಟ್ಟವರಿಗೂ ಗೊತ್ತಿರಲಿಲ್ಲ, ತೆಗೆದುಕೊಂಡವರಿಗೂ ಗೊತ್ತಿರಲಿಲ್ಲ. ಯೋನಿಯ ತುರಿಕೆ, ಸ್ರಾವಗಳಿಗೆ ನಿಜವಾದ ಔಷಧದಿಂದ ಹೆಚ್ಚು ಗುಣ ಸಿಕ್ಕಿತು. ದಣಿವು, ಬೇಸರ, ಮೈಕೈ ನೋವುಗಳ ಮಟ್ಟಿಗೆ ಹುಸಿ ಮದ್ದೂ ಅಷ್ಟೇ ಗುಣ ಕೊಟ್ಟಿತು. ಯೀಸ್ಟನ್ನು ಕೊಂದರೂ ದಣಿವು ಅದರಿಂದ ಹೋಗಲಿಲ್ಲ ಎಂದಮೇಲೆ ದಣಿವಿಗೆ ಯೀಸ್ಟ್ ಕಾರಣವೆಂಬ ಮಾತು ನಿಲ್ಲುವುದು ಕಷ್ಟ. ಆ ಹೆಂಗಸರ ದಣಿವು ಸುಳ್ಳು ಎಂದಲ್ಲ. ಅದರ ಕಾರಣವನ್ನು ಬೇರೆ ಕಡೆ ಹುಡುಕಬೇಕಿತ್ತು ಎಂದಷ್ಟೇ.

ಆದರೂ ಸಕ್ಕರೆಯ ಪ್ರಶ್ನೆ ಉಳಿಯುತ್ತದೆ. ಯೀಸ್ಟಿಗೆ ಸಕ್ಕರೆ ಆಹಾರ ಎಂಬುದು ಬ್ರೆಡ್ಡಿನ ಹಿಟ್ಟು ಕಲಸಿದ ಯಾರಿಗೂ ಗೊತ್ತು. ಹಾಗಾದರೆ ನಾವು ತಿಂದ ಸಕ್ಕರೆ ಒಳಗಿನ ಯೀಸ್ಟಿಗೆ ಊಟವಾಗುವುದಿಲ್ಲವೇ? ಆರೋಗ್ಯವಂತರ ಮಟ್ಟಿಗೆ ಉತ್ತರ, ಹೆಚ್ಚೇನೂ ಇಲ್ಲ. ನಾವು ತಿಂದ ಸಕ್ಕರೆಯ ಬಹುಪಾಲನ್ನು ಸಣ್ಣ ಕರುಳೇ ಹೀರಿಕೊಂಡುಬಿಡುತ್ತದೆ. ಸೂಕ್ಷ್ಮಜೀವಿಗಳು ಕಿಕ್ಕಿರಿದಿರುವ ದೊಡ್ಡ ಕರುಳಿಗೆ ತಲುಪುವುದು ಅತ್ಯಲ್ಪ. ಜರ್ಮನಿಯಲ್ಲಿ 28 ಮಂದಿ ಆರೋಗ್ಯವಂತರಿಗೆ ಬೇಕೆಂದೇ ಹೆಚ್ಚು ಸಕ್ಕರೆಯ ಆಹಾರ ಕೊಟ್ಟು, ಬಾಯಿ ಮತ್ತು ಮಲದಲ್ಲಿನ ಕ್ಯಾಂಡಿಡಾ ಎಣಿಸಿ ನೋಡಿದ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಎದ್ದುಕಾಣುವ ಏರಿಕೆ ಕಂಡುಬರಲಿಲ್ಲ. ಸಕ್ಕರೆ ಕಾಯಿಲೆಯವರ ಕಥೆ ಬೇರೆ. ಅವರಲ್ಲಿ ಸಕ್ಕರೆ ಯೀಸ್ಟಿಗೆ ಸಿಗುವುದು ಕರುಳಿನ ದಾರಿಯಿಂದಲ್ಲ, ರಕ್ತದ ದಾರಿಯಿಂದ. ರಕ್ತದಲ್ಲಿ ಗ್ಲುಕೋಸ್ ಏರಿದಾಗ ಎಂಜಲಿನಲ್ಲಿ, ಮೂತ್ರದಲ್ಲಿ, ಯೋನಿಯ ದ್ರವದಲ್ಲಿ ಅದರ ಪ್ರಮಾಣ ಏರುತ್ತದೆ. ಸೋಂಕನ್ನು ಎದುರಿಸುವ ಬಿಳಿ ರಕ್ತಕಣಗಳ ಚುರುಕು ಅದೇ ಹೊತ್ತಿಗೆ ಕಡಿಮೆಯಾಗುತ್ತದೆ. ಹೀಗಾಗಿ ಒಂದೇ ಹೋಳಿಗೆ ಇಬ್ಬರು ತಿಂದರೆ ಇಬ್ಬರಲ್ಲೂ ಆಗುವುದು ಒಂದೇ ಅಲ್ಲ. ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಇದೆ ಎನ್ನುವುದಕ್ಕಿಂತ, ತಿಂದ ಮೇಲೆ ಅದು ಎಷ್ಟು ಹೊತ್ತು ರಕ್ತದಲ್ಲಿ ಉಳಿಯುತ್ತದೆ ಎಂಬುದೇ ಯೀಸ್ಟಿನ ಮಟ್ಟಿಗೆ ಮುಖ್ಯ.

ನಾನೇನು ದಪ್ಪಗಿಲ್ಲ, ನನಗೆಲ್ಲಿಯ ಸಕ್ಕರೆ ಕಾಯಿಲೆ ಎನ್ನುವವರಿಗೆ ಪುಣೆಯಲ್ಲೇ ಉತ್ತರ ಸಿಕ್ಕಿದೆ. ಇಲ್ಲಿನ ಕೆ.ಇ.ಎಂ. ಆಸ್ಪತ್ರೆಯ ಮಧುಮೇಹ ಘಟಕದ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಅವರ ಸಹೋದ್ಯೋಗಿ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ದೇಹವನ್ನೇ ಅಳೆಸಿ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ಬಿಳಿಯ ವೈದ್ಯರ ಮೈಯಲ್ಲಿ ಕೊಬ್ಬು ಶೇ. 9.1, ಪುಣೆಯ ವೈದ್ಯರ ಮೈಯಲ್ಲಿ ಶೇ. 21.2. ನೋಡಲು ಸಣಕಲು, ಒಳಗೆ ಕೊಬ್ಬು. ನಮ್ಮ ಜನರ ಈ ಮೈಕಟ್ಟಿನ ಬೇರು ತಾಯಿಯ ಗರ್ಭದಲ್ಲೇ ಇರಬಹುದೆಂದು ಇದೇ ತಂಡ ಪುಣೆಯ ಸುತ್ತಲಿನ ಹಳ್ಳಿಗಳ ಬಸುರಿಯರನ್ನು 1993ರಿಂದ ಅಧ್ಯಯನ ಮಾಡಿ ವಾದಿಸಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನೆರವಿನ ಸಮೀಕ್ಷೆಯೊಂದು 2023ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10 ಕೋಟಿ, ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಹೆಚ್ಚು. ಇವರಲ್ಲಿ ಎಷ್ಟೋ ಮಂದಿಗೆ ಅದು ಇನ್ನೂ ಗೊತ್ತಾಗಿಲ್ಲ. ವರ್ಷಕ್ಕೆ ಮೂರು ನಾಲ್ಕು ಸಲ ಮರುಕಳಿಸುವ ಯೀಸ್ಟ್ ಸೋಂಕು ಅವರಲ್ಲಿ ಕೆಲವರಿಗೆ ಮೊದಲ ಸೂಚನೆಯಾಗಿರಬಹುದು. ಅಂಥವರು ಅಣಬೆ ಬಿಡಬೇಕೋ ಬೇಡವೋ ಎಂದು ತಲೆಕೆಡಿಸಿಕೊಳ್ಳುವ ಮೊದಲು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿಕೊಳ್ಳುವುದು ಮೇಲು.

ಇನ್ನು ಹುದುಗಿನ ಮಾತು. ಕನ್ನಡದವರ ಮಟ್ಟಿಗೆ ಆ ಪಟ್ಟಿಯಲ್ಲಿ ಅತಿ ಅನ್ಯಾಯದ ಸಾಲು ಇದೇ. ಫರ್ಗ್ಯುಸನ್ ರಸ್ತೆಯ ವೈಶಾಲಿ, ರೂಪಾಲಿಗಳಂಥ ಹೋಟೆಲುಗಳಿಂದ ಹಿಡಿದು ಪ್ರತಿ ಪೇಠೆಯ ಉಡುಪಿ ಹೋಟೆಲಿನವರೆಗೆ ಪುಣೆಗೆ ಇಡ್ಲಿ ದೋಸೆಯ ರುಚಿ ಹತ್ತಿಸಿದ್ದೇ ನಮ್ಮ ಕರಾವಳಿಯವರು. ಅದೇ ಇಡ್ಲಿಯನ್ನು ಯೀಸ್ಟಿನ ಗೂಡೆಂದು ದೂರವಿಡಲು ಹೇಳಿದರೆ ಹೇಗೆ? ಇಡ್ಲಿ ಹಿಟ್ಟಿನೊಳಗೆ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನೆನೆಸಿ ರುಬ್ಬಿದ ಉದ್ದಿನ ಲೋಳೆ ಹಿಟ್ಟನ್ನು ಹಿಡಿದಿಡುತ್ತದೆ. ರಾತ್ರಿ ಮೊದಲು ಲ್ಯುಕೊನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಚುರುಕಾಗಿ, ಆಮ್ಲವನ್ನೂ ಅನಿಲವನ್ನೂ ಬಿಡುತ್ತದೆ. ಅನಿಲ ಲೋಳೆಯಲ್ಲಿ ಸಿಕ್ಕಿಕೊಂಡು ಹಿಟ್ಟು ಪಾತ್ರೆಯ ಬಾಯಿಗೆ ಏರುತ್ತದೆ. ಹಿಟ್ಟನ್ನು ಉಬ್ಬಿಸುವ ಮುಖ್ಯ ಕೆಲಸ ಈ ಬ್ಯಾಕ್ಟೀರಿಯಾದ್ದೇ ಹೊರತು ಯೀಸ್ಟಿನದಲ್ಲ ಎಂದು 1965ರಲ್ಲೇ ಒಂದು ಅಧ್ಯಯನ ತೋರಿಸಿಕೊಟ್ಟಿತು. ಪುಣೆಯ ಡಿಸೆಂಬರ್ ಚಳಿಯಲ್ಲಿ ಪಾತ್ರೆಗೆ ಕಂಬಳಿ ಹೊದಿಸಿಟ್ಟರೂ ಹಿಟ್ಟು ಏಳದಿದ್ದರೆ ಮುನಿಸಿಕೊಂಡದ್ದು ಈ ಬ್ಯಾಕ್ಟೀರಿಯಾವೇ. ಹಿಟ್ಟಿನಲ್ಲಿ ಒಂದಿಷ್ಟು ಕಾಡು ಯೀಸ್ಟುಗಳೂ ಇರುತ್ತವೆ, ಇಲ್ಲವೆನ್ನುವಂತಿಲ್ಲ. ಆದರೆ ಹತ್ತು ಹನ್ನೆರಡು ನಿಮಿಷ ಕುದಿನೀರಿನ ಹಬೆಯಲ್ಲಿ ಬೆಂದ ಇಡ್ಲಿಯಲ್ಲಿ ಯಾವ ಯೀಸ್ಟೂ ಬದುಕಿ ಉಳಿಯುವುದಿಲ್ಲ. ಕಾದ ಕಾವಲಿಯ ದೋಸೆಗೂ, ಭಟ್ಟಿಯಲ್ಲಿ ಬೆಂದ ಪಾವಿಗೂ ಇದೇ ಮಾತು. ಮೇಲಾಗಿ ಬ್ರೆಡ್ಡಿನ ಯೀಸ್ಟು ಬೇರೆಯೇ ಜಾತಿ, ಅದು ನಮ್ಮ ಕರುಳಿನಲ್ಲಿ ಹೊಕ್ಕು ಕ್ಯಾಂಡಿಡಾ ಆಗುವುದಿಲ್ಲ. ಕ್ರೋನ್ಸ್ ಕಾಯಿಲೆಯಂಥ ಕರುಳಿನ ಉರಿಯೂತ ಇರುವ ಕೆಲವರು ಮಾತ್ರ ಯೀಸ್ಟಿನ ಬಗ್ಗೆ ತಮ್ಮ ವೈದ್ಯರನ್ನು ಕೇಳಿಕೊಳ್ಳಬೇಕು. ಆ ಎಚ್ಚರ ಬೇರೆ ಕಾರಣಕ್ಕೆ. ಪಾವಿನ ನಿಜವಾದ ತಕರಾರು ಅದರಲ್ಲಿ ಸತ್ತಿರುವ ಯೀಸ್ಟಲ್ಲ, ಅದರಲ್ಲಿರುವ ಮೈದಾ. ಅದು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುತ್ತದೆ.

ಮೊಸರಿನ ವಿಷಯದಲ್ಲಿ ಆ ಪಟ್ಟಿ ಪೂರ್ತಿ ತಲೆಕೆಳಗು. ಕರುಳಿನಲ್ಲಿ ಯೀಸ್ಟನ್ನು ಅಂಕೆಯಲ್ಲಿಡುವವರು ಬ್ಯಾಕ್ಟೀರಿಯಾಗಳೇ. ಪ್ರಯೋಗಾಲಯದ ಬೆಳೆದ ಇಲಿಗೆ ಆ್ಯಂಟಿಬಯೋಟಿಕ್ ಕೊಡದೆ ಅದರ ಕರುಳಿನಲ್ಲಿ ಕ್ಯಾಂಡಿಡಾ ನೆಲೆಯೂರಿಸುವುದೇ ವಿಜ್ಞಾನಿಗಳಿಗೆ ಕಷ್ಟ. ಹಾಗಿದ್ದ ಮೇಲೆ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳಿಂದಲೇ ಆದ ಮೊಸರನ್ನು ಹುದುಗು ಎಂಬ ಒಂದೇ ಕಾರಣಕ್ಕೆ ಬಿಡಿಸುವುದರಲ್ಲಿ ಅರ್ಥವಿಲ್ಲ. ಮೊಸರಿನ ಪರ ಒಂದು ಸಾಕ್ಷ್ಯವೂ ಇದೆ. ನ್ಯೂಯಾರ್ಕಿನಲ್ಲಿ ಮತ್ತೆ ಮತ್ತೆ ಸೋಂಕು ತಗಲುತ್ತಿದ್ದ ಹೆಂಗಸರಿಗೆ ಆರು ತಿಂಗಳು ದಿನಕ್ಕೊಂದು ಬಟ್ಟಲು ಲ್ಯಾಕ್ಟೊಬ್ಯಾಸಿಲಸ್ ಇರುವ ಮೊಸರು ಕೊಟ್ಟು, ಮೊಸರಿಲ್ಲದ ಆರು ತಿಂಗಳ ಜತೆ ಹೋಲಿಸಿದ ಫಲಿತಾಂಶ 1992ರಲ್ಲಿ ಬಂತು. ಮೊಸರಿನ ಅವಧಿಯಲ್ಲಿ ಸೋಂಕು ಮೂರು ಪಟ್ಟಿಗೂ ಹೆಚ್ಚು ಇಳಿದಿತ್ತು. ಆದರೆ 33 ಮಂದಿಯೊಂದಿಗೆ ಶುರುವಾದ ಪ್ರಯೋಗ ಮುಗಿದದ್ದು 13 ಮಂದಿಯೊಂದಿಗೆ. ಮೊಸರು ತಿಂದು ಗುಣ ಕಂಡ ಕೆಲವರು ಮೊಸರು ಬಿಡುವ ಸರದಿಗೆ ಒಪ್ಪಲೇ ಇಲ್ಲ. ಮೊಸರಿಗೆ ಅದು ಹೊಗಳಿಕೆಯಾಯಿತು, ಲೆಕ್ಕಕ್ಕೆ ತೊಡಕಾಯಿತು. ಇಷ್ಟು ಚಿಕ್ಕ ಪ್ರಯೋಗವನ್ನು ನಂಬಿ ಮೊಸರನ್ನು ಮದ್ದೆಂದು ಕರೆಯಲಾಗದು. ನಮ್ಮ ಮನೆಯ ಹೆಪ್ಪಿನಲ್ಲಿ ಅದೇ ಬ್ಯಾಕ್ಟೀರಿಯಾ ಇದೆಯೆಂದೂ ಹೇಳಲಾಗದು. ಆದರೆ ಊಟದ ಕೊನೆಗೆ ಒಂದು ಬಟ್ಟಲು ಮೊಸರು, ಮಧ್ಯಾಹ್ನ ಒಂದು ಲೋಟ ಮಜ್ಜಿಗೆ, ಇವನ್ನು ಯೀಸ್ಟಿನ ಹೆಸರಲ್ಲಿ ಬಿಡಲು ಕಾರಣವಿಲ್ಲ ಎನ್ನಲು ಇಷ್ಟು ಸಾಕು. ಅದೇ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ಸೋಸಿ, ಸರಿಸಮ ಸಕ್ಕರೆ ಸುರಿದು ಶ್ರೀಖಂಡ ಮಾಡಿದರೆ ಮಾತು ಬೇರೆ.

ತೆಂಗಿನೆಣ್ಣೆ, ಬೆಳ್ಳುಳ್ಳಿಗಳ ಬಗ್ಗೆ ಎರಡು ಮಾತು ಸಾಕು. ಇಲಿಗಳಿಗೆ ತೆಂಗಿನೆಣ್ಣೆಯ ಆಹಾರ ಕೊಟ್ಟಾಗ ಅವುಗಳ ಕರುಳಿನ ಕ್ಯಾಂಡಿಡಾ ಕಡಿಮೆಯಾದದ್ದನ್ನು ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2015ರಲ್ಲಿ ವರದಿ ಮಾಡಿದ್ದಾರೆ. ಮಂಗಳೂರು ಕಡೆಯವರು ಇದನ್ನು ಕೇಳಿ ಹಿಗ್ಗಬಹುದು, ಆದರೆ ಅದು ಇಲಿಯ ಸಂಗತಿ. ಗಾಜಿನ ತಟ್ಟೆಯಲ್ಲಿ ಯೀಸ್ಟನ್ನು ಕೊಲ್ಲುವ ಬೆಳ್ಳುಳ್ಳಿ, ನುಂಗಿದ ಮಾತ್ರೆಯಾಗಿ ಹೆಂಗಸರಲ್ಲಿ ಅದೇ ಕೆಲಸ ಮಾಡಿದ್ದಕ್ಕೆ ಗಟ್ಟಿ ಪುರಾವೆ ಸಿಕ್ಕಿಲ್ಲ. ರುಚಿಗೆ ತಿನ್ನಿ. ಸೋಂಕಿನ ಜಾಗಕ್ಕೆ ಬೆಳ್ಳುಳ್ಳಿ ಎಸಳನ್ನೇ ಇಡುವ ಸಲಹೆ ಕಿವಿಗೆ ಬಿದ್ದರೆ ಮಾತ್ರ ಖಂಡಿತ ಬೇಡ, ಸುಟ್ಟ ಗಾಯವಾದೀತು.

ಈಗ ಪುಣೆಯ ತಟ್ಟೆಗೆ ಬರೋಣ. ಸಕ್ಕರೆಯ ಲೆಕ್ಕವೇ ಮುಖ್ಯವೆಂದರೆ ಆ ಲೆಕ್ಕ ತಪ್ಪುವುದು ಎಲ್ಲಿ? ಹಬ್ಬದ ಮೋದಕದಲ್ಲಲ್ಲ, ದಿನದ ಚಹಾದಲ್ಲಿ. ಬೆರೆಸಿದ ಸಕ್ಕರೆ ದಿನಕ್ಕೆ 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಅದು ಸುಮಾರು ಆರು ಚಿಕ್ಕ ಚಮಚ. ಕಪ್ಪಿಗೆ ಎರಡು ಚಮಚದಂತೆ ನಾಲ್ಕು ಕಪ್ ಚಹಾ ಕುಡಿದವರ ಲೆಕ್ಕ ಆಗಲೇ ಎಂಟು ಚಮಚ, ಜತೆಗೆ ಅದ್ದಿಕೊಂಡ ಖಾರಿ, ಟೋಸ್ಟು, ಶ್ರೂಸ್‌ಬರಿ ಬಿಸ್ಕತ್ತಿನದು ಬೇರೆ. ಬೇಸಗೆಯಲ್ಲಿ ರಸವಂತಿ ಗೃಹದ ಕಬ್ಬಿನ ಹಾಲು, ಐಸ್‌ಕ್ರೀಮ್ ಕೂರಿಸಿದ ಮಸ್ತಾನಿ, ಇವು ಒಂದೇ ಲೋಟದಲ್ಲಿ ದಿನದ ಲೆಕ್ಕ ಮುಗಿಸಬಲ್ಲವು. ಸಕ್ಕರೆ ಬಿಟ್ಟೆ, ಬೆಲ್ಲ ಹಾಕುತ್ತೇನೆ ಎಂಬ ಸಮಾಧಾನವೂ ಇಲ್ಲಿ ನಡೆಯುವುದಿಲ್ಲ. ಬೆಲ್ಲದ ಬಹುಪಾಲು ಅದೇ ಸಕ್ಕರೆ. ಜೇನುತುಪ್ಪವೂ ಅದೇ ಕುಲ. ಹಣ್ಣು ಹಾಗಲ್ಲ. ಇಡೀ ಪೇರಲ, ಕಿತ್ತಳೆ, ಪಪಾಯಿಯಲ್ಲಿನ ಸಕ್ಕರೆ ನಾರಿನ ಜತೆ ಬರುತ್ತದೆ, ನಿಧಾನವಾಗಿ ಒಳಗಿಳಿಯುತ್ತದೆ. ಹಣ್ಣನ್ನೂ ಬ್ರೆಡ್ಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ನಿಷೇಧಿಸಿದ ಪಟ್ಟಿ ಅಲ್ಲಿಯೇ ಎಡವುತ್ತದೆ.

ಬದಲಿಗೆ ಏನು ತಿನ್ನಬೇಕು ಎಂಬುದಕ್ಕೆ ಅಮೆರಿಕದ ಪುಸ್ತಕ ನೋಡಬೇಕಿಲ್ಲ. ಸೊಲ್ಲಾಪುರ, ವಿಜಯಪುರ, ಕಲಬುರಗಿ ಕಡೆಯಿಂದ ಪುಣೆಗೆ ದುಡಿಯಲು ಬಂದವರು ಮಾಲ್ದಂಡಿ ಜೋಳವನ್ನು ಜತೆಗೇ ತಂದಿದ್ದಾರೆ. 100 ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ, ಅಷ್ಟೇ ಬಿಳಿ ಅಕ್ಕಿಯಲ್ಲಿ ಮೂರು ಗ್ರಾಮಿಗೂ ಕಡಿಮೆ. ಬಡಿದ ರೊಟ್ಟಿ, ಜತೆಗೆ ಝುಣಕ ಅಥವಾ ಪಿಠ್ಲ, ಹೆಸರುಕಾಳಿನ ಪಲ್ಯ, ಮೆಂತ್ಯೆಸೊಪ್ಪು, ಹಸಿ ಉಳ್ಳಾಗಡ್ಡಿ, ಒಂದು ಬಟ್ಟಲು ಮೊಸರು: ಇಲ್ಲಿ ಕಾಳಿನ ಪ್ರೋಟೀನೂ ಇದೆ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಬೇಕಾದ ನಾರೂ ಇದೆ. ಮಿಸಳ್ ತಿನ್ನುವ ಆಸೆಯಾದರೆ ಮೊಳಕೆ ಮಡಿಕೆಕಾಳಿನ ಉಸಳ್ ಹೆಚ್ಚು ಹಾಕಿಸಿಕೊಂಡು ಪಾವನ್ನು ಒಂದಕ್ಕೆ ನಿಲ್ಲಿಸಿದರೆ ಸಾಕು. ಅನ್ನ ಬಿಡಲಾಗದವರು ಅನ್ನದ ಗುಡ್ಡ ತಗ್ಗಿಸಿ ಬೇಳೆ, ಪಲ್ಯ ಏರಿಸಲಿ. ತಟ್ಟೆಯಲ್ಲಿ ನಿಜವಾದ ಎಡವಟ್ಟು ಆಗುವುದು ಉಪವಾಸದ ದಿನ. ಏಕಾದಶಿ, ಸಂಕಷ್ಟಿ, ನವರಾತ್ರಿಗಳಲ್ಲಿ ಪುಣೆ ತಿನ್ನುವುದು ಸಾಬೂದಾಣೆ ಖಿಚಡಿ, ಬಟಾಟೆ, ವಡೆ. ಸಾಬೂದಾಣೆ ಎಂದರೆ ಮರಗೆಣಸಿನ ಪಿಷ್ಟ, ನಾರು ಪ್ರೋಟೀನು ಹೆಸರಿಗಷ್ಟೇ. 'ಏಕಾದಶೀ ಅನ್ ದುಪ್ಪಟ್ ಖಾಶೀ', ಅಂದರೆ ಏಕಾದಶಿಯ ದಿನ ತಿನ್ನುವುದು ದುಪ್ಪಟ್ಟು, ಎಂದು ಮರಾಠಿಯವರೇ ನಗುತ್ತಾರೆ. ಸಕ್ಕರೆ ಕಾಯಿಲೆಯವರು ಉಪವಾಸ ಮಾಡಲೇಬೇಕೆಂದರೆ ರಾಜಗಿರಿ ರೊಟ್ಟಿ, ಶೇಂಗಾ, ಮೊಸರು, ಸೌತೆಕಾಯಿಗಳತ್ತ ವಾಲುವುದು ಕ್ಷೇಮ.

ಇದನ್ನೆಲ್ಲ ಕೇಳಿದವರ ಮೊದಲ ಆಕ್ಷೇಪ ಹೀಗಿರುತ್ತದೆ: ನೀವೇನೇ ಹೇಳಿ, ಆ ಪಟ್ಟಿ ಹಿಡಿದು ಹದಿನೈದು ದಿನ ತಿಂದವರಿಗೆ ಹೊಟ್ಟೆ ಹಗುರಾಗಿದೆ, ಮೈ ಚುರುಕಾಗಿದೆ. ಇದು ಸುಳ್ಳಲ್ಲ. ಬೇಕರಿ ತಿಂಡಿ, ಕರಿದದ್ದು, ರಾತ್ರಿ ಹನ್ನೊಂದರ ಊಟ, ಸಿಹಿ ಚಹಾ ಎಲ್ಲ ಒಟ್ಟಿಗೆ ಬಿಟ್ಟವರು ಹಗುರಾಗದಿದ್ದರೇ ಆಶ್ಚರ್ಯ. ಹೊಟ್ಟೆಯುಬ್ಬರಕ್ಕೆ ಇನ್ನೊಂದು ಕಾರಣವಿದೆ. ಗೋಧಿ, ಉಳ್ಳಾಗಡ್ಡಿ, ಕೆಲವು ಕಾಳುಗಳಲ್ಲಿನ ಕೆಲವು ಬಗೆಯ ಪಿಷ್ಟ, ಸಕ್ಕರೆಗಳು ಸಣ್ಣ ಕರುಳಿನಲ್ಲಿ ಪೂರ್ತಿ ಜೀರ್ಣವಾಗದೆ ದೊಡ್ಡ ಕರುಳಿಗಿಳಿದು ಬ್ಯಾಕ್ಟೀರಿಯಾಗಳ ಕೈಯಲ್ಲಿ ಗಾಳಿಯಾಗುತ್ತವೆ. ಸೂಕ್ಷ್ಮ ಕರುಳಿನವರಿಗೆ ಅದು ತ್ರಾಸು. ಗೋಧಿ ಬಿಟ್ಟಾಗ ಆ ಗಾಳಿ ತಗ್ಗಿದರೆ ಯೀಸ್ಟ್ ಸತ್ತಿತೆಂದು ತಿಳಿಯುವುದು ಅವಸರ. ಇನ್ನು ಬೆಳಗ್ಗೆ ಎದ್ದು ಗಾಜಿನ ಲೋಟದ ನೀರಿಗೆ ಉಗುಳಿ, ಎಂಜಲಿನಿಂದ ಬೇರಿನಂತೆ ಎಳೆಗಳು ಇಳಿದರೆ ಮೈಯಲ್ಲಿ ಯೀಸ್ಟ್ ತುಂಬಿದೆ ಎನ್ನುವ ಮನೆ ಪರೀಕ್ಷೆಯೊಂದಿದೆ. ಗುಳ್ಳೆ ಇರುವ ಎಂಜಲು ತೇಲುತ್ತದೆ, ಲೋಳೆ ಹೆಚ್ಚಿದ್ದರೆ ಎಳೆಯೆಳೆಯಾಗಿ ಮುಳುಗುತ್ತದೆ. ರಾತ್ರಿ ಬಾಯಿ ಒಣಗಿದವರಿಗೆಲ್ಲ ಎಳೆ ಕಂಡೇ ಕಾಣುತ್ತದೆ. ಆ ಪರೀಕ್ಷೆ ಎಲ್ಲರನ್ನೂ ರೋಗಿಯಾಗಿಸಬಲ್ಲದು, ಯಾರ ರೋಗವನ್ನೂ ಹೇಳಲಾರದು.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಮಾತ್ರೆ ತಿಂದರೂ ಸೋಂಕು ಮತ್ತೆ ಬರುತ್ತದಲ್ಲ, ಬೇರಿಗೆ ಮದ್ದು ಊಟವೇ ಅಲ್ಲವೇ ಎಂಬುದು. ಮರುಕಳಿಸುವ ಸೋಂಕಿನ ಮಟ್ಟಿಗೆ ಔಷಧದ ಮಿತಿಯನ್ನು ಒಪ್ಪಿಕೊಳ್ಳಬೇಕು. ವಾರಕ್ಕೊಂದು ಫ್ಲುಕೊನಜೋಲ್ ಮಾತ್ರೆಯಂತೆ ಆರು ತಿಂಗಳು ಕೊಟ್ಟ ಅಮೆರಿಕದ ದೊಡ್ಡ ಪ್ರಯೋಗದಲ್ಲಿ, ಮಾತ್ರೆ ನಡೆಯುವಷ್ಟು ದಿನ ಶೇ. 90ಕ್ಕಿಂತ ಹೆಚ್ಚು ಮಂದಿ ಸೋಂಕಿಲ್ಲದೆ ಇದ್ದರು. ನಿಲ್ಲಿಸಿ ಆರು ತಿಂಗಳಾದಾಗ ಹಾಗೆ ಉಳಿದವರು ಶೇ. 43 ಮಾತ್ರ. ಹಾಗೆಂದು ಉಳಿದ ಶೇ. 57 ಮಂದಿಗೆ ಊಟವೇ ಉತ್ತರವೆಂದು ತೋರಿಸಿದ ಅಂಥದ್ದೇ ಪ್ರಯೋಗ ಇದೆಯೇ? ಇಲ್ಲ. ಆ ಶಿಲೀಂಧ್ರ ದುಂಡಗಿನ ಕಣವಾಗಿದ್ದಾಗ ಸುಮ್ಮನಿದ್ದು, ಉದ್ದನೆಯ ಎಳೆಯಾಗಿ ಚಾಚಿದಾಗ ಗಾಯ ಮಾಡುತ್ತದೆ. ಎಳೆಯಾದಾಗ ಅದು ಸುರಿಸುವ ವಿಷ ಯಾವುದೆಂದು ಗೊತ್ತಾದದ್ದೇ 2016ರಲ್ಲಿ. ಕೆಲವರಲ್ಲಿ ಅದೇಕೆ ಕೆರಳುತ್ತದೆ, ಅವರ ರೋಗನಿರೋಧ ವ್ಯವಸ್ಥೆ ಏಕೆ ಅತಿಯಾಗಿ ಪ್ರತಿಕ್ರಿಯಿಸುತ್ತದೆ ಎಂಬ ಸಂಶೋಧನೆ ಇನ್ನೂ ನಡೆಯುತ್ತಿದೆ. ಔಷಧಕ್ಕೆ ಮಿತಿಯಿದೆ ಎಂಬುದು ಪಥ್ಯಕ್ಕೆ ಶಕ್ತಿಯಿದೆ ಎನ್ನಲು ಸಾಕ್ಷಿಯಾಗದು.

ಉಳಿದದ್ದು ಮೂರನೆಯದು: ಗುಣವಾಗದಿದ್ದರೆ ಬೇಡ, ನಷ್ಟವೇನು? ನಷ್ಟ ಇದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ನಮ್ಮಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ. ಇಂಥ ಮೈಗೆ ಹಣ್ಣು, ಕಾಳು, ಹಾಲು, ಧಾನ್ಯ ಎಲ್ಲ ಬಿಡಿಸಿ ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟರೆ ದಣಿವು ಹೋಗುವುದಿಲ್ಲ, ಹೆಚ್ಚುತ್ತದೆ. ಆ ದಣಿವನ್ನೂ ಯೀಸ್ಟ್ ಸಾಯುತ್ತಿರುವ ಲಕ್ಷಣವೆಂದು ವಿವರಿಸುವ ಜಾಣರಿದ್ದಾರೆ. ಇನ್ನೊಂದು ಅಪಾಯ ಹೊಸದು, ಹೆಚ್ಚಿನವರಿಗೆ ಗೊತ್ತಿಲ್ಲದ್ದು. ಸಕ್ಕರೆ ಕಾಯಿಲೆಗೆ ಈಗ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಸಾಮಾನ್ಯವಾಗಿವೆ. ಹೃದಯಕ್ಕೂ ಮೂತ್ರಪಿಂಡಕ್ಕೂ ಇವುಗಳಿಂದ ಬಹಳ ಉಪಕಾರ. ಇವು ರಕ್ತದ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಹಾಗೆ ಹೋಗುವ ಸಕ್ಕರೆ ಜನನಾಂಗದ ಯೀಸ್ಟಿಗೆ ಸಿಗುತ್ತದೆ, ಹೆಂಗಸರಿಗೂ ಗಂಡಸರಿಗೂ ತುರಿಕೆ ಶುರುವಾಗುತ್ತದೆ. ಕಾರಣ ತಿಳಿಯದವರು ಯೀಸ್ಟಿನ ಪಟ್ಟಿ ಹಿಡಿದು ಅನ್ನ ರೊಟ್ಟಿ ಎಲ್ಲ ಬಿಟ್ಟುಬಿಟ್ಟರೆ, ಅದೇ ಮಾತ್ರೆಯ ಜತೆಗೆ ಕಟ್ಟುನಿಟ್ಟಿನ ಪಿಷ್ಟತ್ಯಾಗ ಸೇರಿ ರಕ್ತದಲ್ಲಿ ಕೀಟೋನ್ ಆಮ್ಲ ತುಂಬಿಕೊಳ್ಳಬಹುದು. ಗ್ಲುಕೋಮೀಟರಿನಲ್ಲಿ ಸಕ್ಕರೆ ಹೆಚ್ಚೇನೂ ಕಾಣದಿರಬಹುದು, ವಾಂತಿ, ಹೊಟ್ಟೆನೋವು, ಏದುಸಿರು ಮಾತ್ರ ಕಾಣುತ್ತವೆ. ಅದು ಆಸ್ಪತ್ರೆಗೆ ಓಡಬೇಕಾದ ತುರ್ತು.

ಆದ್ದರಿಂದ ಸೋಂಕು ಮರುಕಳಿಸುತ್ತಿರುವವರು ವೈದ್ಯರ ಬಳಿ ಹೋಗುವಾಗ ತಾವು ತಿನ್ನುವ ಮಾತ್ರೆಗಳ ಚೀಟಿ ಒಯ್ಯಲಿ, ಕಳೆದ ಎರಡು ತಿಂಗಳಲ್ಲಿ ಆ್ಯಂಟಿಬಯೋಟಿಕ್ ತೆಗೆದುಕೊಂಡಿದ್ದರೆ ಹೇಳಲಿ. ಮಧುಮೇಹದ ಮಾತ್ರೆಯೇ ಕಾರಣವೆನಿಸಿದರೂ ತಾವಾಗಿ ನಿಲ್ಲಿಸದೆ ಕೇಳಲಿ. ಬಹುಪಾಲು ಸಲ ಮೂತ್ರದ ನಂತರ ನೀರಿನಿಂದ ತೊಳೆದು ಒಣಗಿಸಿಕೊಳ್ಳುವುದು, ಹತ್ತಿಯ ಒಳಉಡುಪು, ಹಚ್ಚುವ ಔಷಧ ಇಷ್ಟರಲ್ಲೇ ಮುಗಿಯುತ್ತದೆ. ಔಷಧದ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ತುರಿಕೆ ಮುಲಾಮನ್ನು ಮುಟ್ಟದಿರಲಿ. ಎರಡು ದಿನ ತುರಿಕೆ ಅಡಗಿಸಿ ಅದು ಶಿಲೀಂಧ್ರವನ್ನೇ ಬೆಳೆಸುತ್ತದೆ. ಬಿಳಿ ಸ್ರಾವವೆಲ್ಲ ಯೀಸ್ಟಿನದೂ ಅಲ್ಲ. ಬ್ಯಾಕ್ಟೀರಿಯಾದ ಸೋಂಕಿಗೂ ಟ್ರೈಕೊಮೊನಾಸಿಗೂ ಬೇರೆ ಮದ್ದು ಬೇಕು. ಸರಿಯಾದ ಮದ್ದು ಕೊಟ್ಟೂ ಮತ್ತೆ ಬಂದರೆ ಸ್ರಾವದ ಕಲ್ಚರ್ ಮಾಡಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಕ್ಯಾಂಡಿಡಾ ಗ್ಲಾಬ್ರಾಟಾದಂಥ ಬೇರೆ ಜಾತಿಯಾಗಿದ್ದರೆ ರೂಢಿಯ ಫ್ಲುಕೊನಜೋಲ್ ಅದಕ್ಕೆ ನಾಟುವುದು ಕಡಿಮೆ, ವೈದ್ಯರು ಬೇರೆ ಔಷಧ ಬರೆಯಬೇಕಾಗುತ್ತದೆ. ವರದಿ ಬರುವ ತನಕ ಮನೆಯಲ್ಲಿ ಇಡ್ಲಿಗೆ ಅಕ್ಕಿ ಉದ್ದು ನೆನೆಹಾಕಲು ಅಡ್ಡಿಯಿಲ್ಲ.